ನ್ಯೂಜೆರ್ಸಿಯ ಊಟದ ಮೇಜು, ಕನ್ನಡದ ಅಕ್ಷರ

ಗಣಕಯಂತ್ರದ ಚರಿತ್ರೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆ, ಇಲ್ಲವೇ ನಮ್ಮ ಬೆಂಗಳೂರು. ನಾವು ಮನೆಮಾಡಿಕೊಂಡಿರುವ ನ್ಯೂಜೆರ್ಸಿಗೆ ಈ ಚರಿತ್ರೆಯಲ್ಲಿ ಎಂಥ ದೊಡ್ಡ ಸ್ಥಾನವಿದೆ ಎಂಬುದು ಇಲ್ಲಿ ಬಹುಕಾಲ ಕಳೆದವರಿಗೂ ತಿಳಿದಿರುವುದು ಕಡಿಮೆ. ನಮ್ಮ ಕೂಟದ ತಂತ್ರಾಂಶ ಬಂಧುಗಳಿಗೆ ಇಲ್ಲಿನ ಕೆಲವು ಸಂಗತಿಗಳು ಹೊಸವಲ್ಲ. ಉಳಿದವರಿಗಾಗಿ, ಅದರಲ್ಲೂ ಗಣಕದಲ್ಲಿ ಕನ್ನಡ ಬರೆಯುವವರಿಗಾಗಿ, ವೈದ್ಯನೊಬ್ಬ ತನ್ನ ಕುತೂಹಲಕ್ಕೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಯೂನಿಯನ್ ಕೌಂಟಿಯ ಮರ್ರೆ ಹಿಲ್‌ನಲ್ಲಿ ಬೆಲ್ ಪ್ರಯೋಗಾಲಯವಿದೆ. ಟ್ರಾನ್ಸಿಸ್ಟರ್ ಹುಟ್ಟಿದ್ದು ಅಲ್ಲಿಯೇ, 1947ರಲ್ಲಿ. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯ, ಎಂ.ಐ.ಟಿ. ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಎಂಬ ಭಾರೀ ತಂತ್ರಾಂಶ ವ್ಯವಸ್ಥೆಯನ್ನು ಕಟ್ಟಲು ಹೊರಟಿದ್ದವು. ಎಲ್ಲರಿಗೂ ಎಲ್ಲವನ್ನೂ ಒದಗಿಸಬೇಕೆಂಬ ಮಹತ್ವಾಕಾಂಕ್ಷೆಯ ಯೋಜನೆ ಅದು. ಕೆಲಸ ಎಳೆಯುತ್ತಲೇ ಹೋಯಿತು. 1969ರಲ್ಲಿ ಬೆಲ್ ಪ್ರಯೋಗಾಲಯ ಅದರಿಂದ ಹೊರಬಂತು. ಅದೇ ವರ್ಷ ಕೆನ್ ಥಾಂಪ್ಸನ್ ಎಂಬ ಯುವಕ, ಯಾರೂ ಹೆಚ್ಚು ಬಳಸದೆ ಬಿಟ್ಟಿದ್ದ ಪಿಡಿಪಿ-7 ಎಂಬ ಸಣ್ಣ ಗಣಕದ ಮೇಲೆ, ಕೆಲವೇ ವಾರಗಳಲ್ಲಿ ಒಂದು ಪುಟ್ಟ ವ್ಯವಸ್ಥೆಯನ್ನು ನಿಲ್ಲಿಸಿದ. ಅದೇ ಯುನಿಕ್ಸ್. ಜೊತೆಗಾರ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದ. 1973ರಲ್ಲಿ ಯುನಿಕ್ಸನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಇಬ್ಬರಿಗೂ 1983ರ ಟ್ಯೂರಿಂಗ್ ಪ್ರಶಸ್ತಿ ಬಂತು. ಅಂದ ಹಾಗೆ, ಯುನಿಕ್ಸನ್ನು ಮೊದಮೊದಲು ದಿನನಿತ್ಯದ ಕೆಲಸಕ್ಕೆ ಬಳಸಿದವರು ಪ್ರಯೋಗಾಲಯದ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು!

ಈ ಗುಂಪಿನವರಿಗೆ ಕೆಲಸದ ರೀತಿಯ ಬಗ್ಗೆ ಖಚಿತವಾದ ಅಭಿಪ್ರಾಯಗಳಿದ್ದವು. ಒಂದು ತಂತ್ರಾಂಶ ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ. ಅದರ ಫಲಿತಾಂಶ ಇನ್ನೊಂದು ತಂತ್ರಾಂಶಕ್ಕೆ ಉಣಿಸಲು ಬರುವಂತೆ ಸಾದಾ ಪಠ್ಯವಾಗಿರಲಿ ಎಂಬುದು ಅವರ ಪಾಠ. ಡಗ್ ಮೆಕಿಲ್ರಾಯ್ ಬಹಳ ವರ್ಷ ಒತ್ತಾಯಿಸಿದ ಮೇಲೆ, 1973ರಲ್ಲಿ, ಒಂದರ ಬಾಯಿಯನ್ನು ಇನ್ನೊಂದರ ಬಾಲಕ್ಕೆ ಜೋಡಿಸುವ ಪೈಪ್ ಎಂಬ ಉಪಾಯವನ್ನು ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅಳವಡಿಸಿದ. ನಮ್ಮ ಅಜ್ಜಿಯರ ಅಡಿಗೆಮನೆಯೂ ಹೀಗೇ ಇತ್ತಲ್ಲವೇ? ಈಳಿಗೆಮಣೆ ಹೆಚ್ಚುತ್ತದೆ, ಒರಳು ರುಬ್ಬುತ್ತದೆ, ಜರಡಿ ಸೋಸುತ್ತದೆ. ಯಾವುದೂ ಇನ್ನೊಂದರ ಕೆಲಸಕ್ಕೆ ಕೈಹಾಕುವುದಿಲ್ಲ. ಆದರೆ ಒಂದರಿಂದ ಬಂದದ್ದು ಇನ್ನೊಂದಕ್ಕೆ ಹೋಗುತ್ತದೆ. 1990ರ ಆಸುಪಾಸಿನಲ್ಲಿ ರಿಚರ್ಡ್ ಗೇಬ್ರಿಯಲ್ ಎಂಬ ಗಣಕ ವಿಜ್ಞಾನಿ ಈ ಮಾರ್ಗಕ್ಕೆ ‘ನ್ಯೂಜೆರ್ಸಿ ಶೈಲಿ’ ಎಂದೇ ಹೆಸರಿಟ್ಟರು. ಪರಿಪೂರ್ಣತೆಗಿಂತ ಸರಳತೆಗೆ ಮಣೆ ಹಾಕುವ ಈ ಶೈಲಿಯ ಕುಂದುಗಳನ್ನು ಅವರು ಪಟ್ಟಿಮಾಡಿದರು. ಆದರೂ ಗೆದ್ದು ಹರಡುವುದು ಇದೇ ಎಂದೂ ಒಪ್ಪಿದರು.

ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಬೇಗ ಹಿಡಿಸುತ್ತದೆ. ರೋಗಿಯ ಕಾಗದದಲ್ಲಿ ನಾನು ಬರೆದದ್ದು ನನಗೆ ಅರ್ಥವಾದರೆ ಸಾಲದು, ರಾತ್ರಿ ಪಾಳಿಗೆ ಬರುವ ಅಪರಿಚಿತ ವೈದ್ಯನಿಗೂ ಅರ್ಥವಾಗಬೇಕು. ಸಲಕರಣೆ ಎಷ್ಟು ಹೊಸದು ಎಂಬುದು ಮುಖ್ಯವಲ್ಲ. ನಾನಿಲ್ಲದಾಗ ಇನ್ನೊಬ್ಬರು ಅದನ್ನು ಓದಿ ಮುಂದುವರಿಸಬಲ್ಲರೇ ಎಂಬುದು ಮುಖ್ಯ.

ಈಗ ಇದೇ ಅಳತೆಗೋಲನ್ನು ಕನ್ನಡಕ್ಕೆ ಹಿಡಿಯೋಣ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಬರೆಯುವ ವಿನ್ಯಾಸವನ್ನು ಕೊಟ್ಟರು. ಅಕ್ಷರದ ಆಕಾರವನ್ನು ತುಂಡುತುಂಡಾಗಿ ಒತ್ತಬೇಕಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಸಾಕು, ಒತ್ತಕ್ಷರ ಕೂಡಿಸುವುದು ಗಣಕದ ಕೆಲಸ. ‘ಕನ್ನಡ’ ಎಂದು ಬರೆಯಲು ಕ, ನ, ಹಲಂತಕ್ಕೆ ಎಫ್ ಕೀಲಿ, ಮತ್ತೆ ನ, ಕೊನೆಗೆ ಡ: ಒಟ್ಟು ಐದು ಒತ್ತು. ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟ ತಮ್ಮ ತಂತ್ರಾಂಶವನ್ನು ರಾಯರು ಉಚಿತವಾಗಿ ಹಂಚಿದರು. ಅವರ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಪರದೇಶದ ಕನ್ನಡಿಗರಿಗೆ ಆದ ಸಂತೋಷ ನಮ್ಮಲ್ಲಿ ಅನೇಕರಿಗೆ ನೆನಪಿದೆ.

ಬರೆಯುವುದು ಸುಲಭವಾಯಿತು, ಬರೆದದ್ದನ್ನು ಗಣಕದ ಒಳಗೆ ಇಡುವ ಬಗೆಯಲ್ಲಿ ತೊಡಕಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಹಾಗೂ ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಶ್ರೀಲಿಪಿಯದು ಒಂದು ಸಂಕೇತ, ಆಕೃತಿಯದು ಇನ್ನೊಂದು, ಪ್ರಕಾಶಕದ್ದು ಮತ್ತೊಂದು. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಮೊದಲು ಪಿ ಅಕ್ಷರ, ಆಮೇಲೆ ನೆತ್ತಿಯ ಮೇಲೆ ಗೀಟು ಹೊತ್ತ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತವೆ. ಓದಬೇಕಾದರೆ ಬರೆದವರ ಫಾಂಟೇ ಬೇಕು. ಒಬ್ಬರ ಈಳಿಗೆಮಣೆಯಲ್ಲಿ ಹೆಚ್ಚಿದ ತರಕಾರಿ ಇನ್ನೊಬ್ಬರ ಪಾತ್ರೆಗೆ ಇಳಿಯದ ಹಾಗೆ.

ಇದಕ್ಕೆ ಮದ್ದು ಯುನಿಕೋಡ್. ಜಗತ್ತಿನ ಪ್ರತಿಯೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಈ ಪಟ್ಟಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದರಲ್ಲಿ ‘ಕ’ದ ಸಂಖ್ಯೆ 3221. ‘ಕನ್ನಡ’ ಎಂಬ ಪದಕ್ಕೆ ಐದು ಸಂಖ್ಯೆಗಳು: ರಾಯರ ಕೀಲಿಮಣೆಯ ಐದು ಒತ್ತುಗಳ ಕ್ರಮದಲ್ಲೇ! ಆದರೆ ಒಂದು ಸಮಸ್ಯೆ ಉಳಿದಿತ್ತು. ಒಂದು ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ; ಹಳೆಯ ತಂತ್ರಾಂಶಗಳು ಅಕ್ಷರಕ್ಕೊಂದೇ ಬೈಟ್ ಎಂದು ನಂಬಿ ಕಟ್ಟಿದಂಥವು. ಎಲ್ಲ ಅಕ್ಷರಗಳಿಗೂ ಎರಡೆರಡು ಬೈಟ್ ಕೊಟ್ಟರೆ ಇಂಗ್ಲಿಷ್ ಪಠ್ಯದ ನಡುವೆ ಸೊನ್ನೆಗಳು ನುಸುಳುತ್ತಿದ್ದವು. ಸಿ ಭಾಷೆಯಲ್ಲಿ ಸೊನ್ನೆ ಎಂದರೆ ಪಠ್ಯ ಮುಗಿಯಿತೆಂದು ಅರ್ಥ.

ಇಲ್ಲಿಗೆ ಕಥೆ ಮತ್ತೆ ನ್ಯೂಜೆರ್ಸಿಗೆ ಬರುತ್ತದೆ. 1992ರ ಸೆಪ್ಟೆಂಬರಿನಲ್ಲಿ ಈ ಸಮಸ್ಯೆಗೆ ಸಮಿತಿಯೊಂದು ತಯಾರಿಸಿದ್ದ ಪರಿಹಾರವನ್ನು ಪರಿಶೀಲಿಸಿ ಎಂದು ಬೆಲ್ ಪ್ರಯೋಗಾಲಯಕ್ಕೆ ಕೋರಿಕೆ ಬಂತು. ಅಂದು ರಾತ್ರಿ ಥಾಂಪ್ಸನ್ ಮತ್ತು ಸಹೋದ್ಯೋಗಿ ರಾಬ್ ಪೈಕ್ ಇಲ್ಲಿನ ಒಂದು ಡೈನರಿಗೆ ಊಟಕ್ಕೆ ಹೋದರು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಹೊಸ ವಿಧಾನವನ್ನು ಬರೆದು ತೋರಿಸಿದರೆಂದು ಪೈಕ್ ದಾಖಲಿಸಿದ್ದಾರೆ. ಕೆಲವೇ ದಿನಗಳಲ್ಲಿ ತಮ್ಮ ಪ್ಲಾನ್ 9 ವ್ಯವಸ್ಥೆಯನ್ನು ಪೂರ್ತಿ ಅದಕ್ಕೆ ಬದಲಾಯಿಸಿಯೂ ಬಿಟ್ಟರು. ಅದೇ ಯುಟಿಎಫ್-8. ಅದರಲ್ಲಿ ಇಂಗ್ಲಿಷಿನ ಅಕ್ಷರಗಳು ಮೊದಲಿನಂತೆ ಒಂದೊಂದೇ ಬೈಟಿನಲ್ಲಿ ಉಳಿದವು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ 224, 178, 149. ಮೊದಲ ಬೈಟಿಗೂ ನಡುವಿನ ಬೈಟಿಗೂ ಗುರುತು ಬೇರೆಯಾದ್ದರಿಂದ, ಎಲ್ಲೋ ಒಂದು ಕೆಟ್ಟರೂ ಮುಂದಿನ ಅಕ್ಷರದಿಂದ ಸರಿಯಾಗಿ ಓದಬಹುದು. ಇಂದು ಅಂತರಜಾಲದ ಬಹುಪಾಲು ಪುಟಗಳು ಈ ರೂಪದಲ್ಲೇ ಇವೆ. ಮೈಸೂರಿನಿಂದ ಅಕ್ಕ ಕಳಿಸುವ ಕನ್ನಡ ಸಂದೇಶ ಎಡಿಸನ್ನಿನ ತಂಗಿಯ ಫೋನಿನಲ್ಲಿ ಕನ್ನಡವಾಗಿಯೇ ಕಾಣುವುದಕ್ಕೆ ಯುನಿಕೋಡ್ ಪಟ್ಟಿಯ ಜೊತೆಗೆ ಆ ಊಟದ ಮೇಜಿನ ಲೆಕ್ಕವೂ ಕಾರಣ.

ಇಷ್ಟನ್ನು ಬರೆದದ್ದು ಬರೀ ಊರ ಹೆಮ್ಮೆಗಲ್ಲ. ನಮ್ಮ ಕೂಟದ ಹಳೆಯ ಸ್ಮರಣ ಸಂಚಿಕೆಗಳ ಜೆರಾಕ್ಸ್ ಪ್ರತಿಗಳನ್ನು ಇಂದಿಗೂ ಓದಬಹುದು. ಆದರೆ ಅವನ್ನು ಅಚ್ಚು ಮಾಡಲು ಬಳಸಿದ ಕಡತಗಳು ಫ್ಲಾಪಿಗಳಲ್ಲಿ, ಸಿ.ಡಿ.ಗಳಲ್ಲಿ, ಯಾರದೋ ಬೇಸ್‌ಮೆಂಟಿನ ಹಳೆಯ ಗಣಕದಲ್ಲಿ, ಹಳೆಯ ಫಾಂಟಿನ ಸಂಕೇತದಲ್ಲಿ ಕುಳಿತಿವೆ. ಮೊದಲ ತಲೆಮಾರಿನವರು ತಾವು ಇಲ್ಲಿಗೆ ಬಂದ ಕಥೆಯನ್ನು ಬರೆದದ್ದು ಅದರಲ್ಲಿದೆ; ಬರೆದವರಲ್ಲಿ ಕೆಲವರು ಈಗ ನಮ್ಮೊಡನಿಲ್ಲ. ಜೆರಾಕ್ಸಿನ ಮಸಿಯೂ ವರ್ಷಗಳಲ್ಲಿ ಮಾಸುತ್ತಿದೆ.

ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಉಚಿತ ತಂತ್ರಾಂಶಗಳಿವೆ. ಆದರೆ ಅವು ಒತ್ತಕ್ಷರಗಳಲ್ಲಿ, ಅರ್ಕಾವೊತ್ತಿನಲ್ಲಿ ಅಲ್ಲಲ್ಲಿ ಎಡವುತ್ತವೆ. ಕನ್ನಡ ಬಲ್ಲವರು ಕಾಗದದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಲೇಬೇಕು. ನಮ್ಮಲ್ಲಿ ಗಣಕ ಬಲ್ಲ ಮಕ್ಕಳಿದ್ದಾರೆ, ಕನ್ನಡ ಬಲ್ಲ ಹಿರಿಯರಿದ್ದಾರೆ. ಮಕ್ಕಳು ಪರಿವರ್ತಿಸಲಿ, ಅಜ್ಜ ಅಜ್ಜಿಯರು ಕರಡು ತಿದ್ದಲಿ. ನಿಮ್ಮ ಮನೆಯಲ್ಲಿ ಹಳೆಯ ಫ್ಲಾಪಿಯೋ ಸಿ.ಡಿ.ಯೋ ಇದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ತನ್ನಿ.