ಮನೆಗಳ ತೇವ ತಪಾಸಣೆ

ವಾಸದ ಮನೆಯ ಗೋಡೆ, ನೆಲ, ಚಾವಣಿಗಳಲ್ಲಿ ಕಾಣಿಸಿಕೊಂಡ ತೇವಕ್ಕೆ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡುವ ವೃತ್ತಿಪರ ಪರೀಕ್ಷೆಯೇ ತೇವ ತಪಾಸಣೆ. ನೀರು ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ನೆಲದ ನೀರು ಗೋಡೆಯ ಮೂಲಕ ಮೇಲೇರಬಹುದು, ಮಳೆನೀರು ಹೊರಗಿನಿಂದ ಒಳಕ್ಕೆ ಒಸರಬಹುದು, ಕೊಳಾಯಿ ಸೋರಬಹುದು, ಇಲ್ಲವೇ ಮನೆಯೊಳಗಿನ ಗಾಳಿಯ ಆವಿಯೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಬಹುದು. ಕಲೆ ಎಷ್ಟೋ ಸಲ ಒಂದೇ ಥರ ಕಾಣುತ್ತದೆ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಈ ಪರೀಕ್ಷೆ ಒಂದು ಪ್ರತ್ಯೇಕ ಕಸುಬಾಗಿ ಬೆಳೆದದ್ದು ಹೆಚ್ಚಾಗಿ ಬ್ರಿಟನ್ನಿನಲ್ಲಿ. ಅಲ್ಲಿ ಇದನ್ನು ಮಾಡುವವರಿಗೆ ಸರ್ವೇಯರ್ ಎಂದೇ ಹೆಸರು. ಈ ಸರ್ವೇಯರ್ ಜಮೀನು ಅಳೆಯುವವನಲ್ಲ, ಕಟ್ಟಡದ ಸ್ಥಿತಿಗತಿ ನೋಡುವವನು.

ಗೋಡೆಯ ಕಲೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ವಿಧಾನದ ಬಹು ಹಳೆಯ ವಿವರಣೆ ಬೈಬಲ್ಲಿನ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿದೆ. ಮನೆಯ ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಕಲೆ ಕಂಡರೆ ಯಜಮಾನ ಪುರೋಹಿತನಿಗೆ ತಿಳಿಸಬೇಕು. ಸಾಮಾನನ್ನೆಲ್ಲ ಹೊರಗೆ ಹಾಕಿಸಿದ ಮೇಲೆ ಪುರೋಹಿತ ಬಂದು ನೋಡುತ್ತಾನೆ, ಮನೆಯನ್ನು 7 ದಿನ ಮುಚ್ಚಿಸುತ್ತಾನೆ, ಮತ್ತೆ ಬರುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಎಸೆದು, ಒಳಗೋಡೆಯನ್ನು ಕೆರೆದು, ಹೊಸ ಗಿಲಾವು ಮಾಡಬೇಕು. ಆಮೇಲೂ ಮರುಕಳಿಸಿದರೆ ಮನೆಯನ್ನೇ ಕೆಡವಬೇಕು. ಆ ಕಲೆ ಬೂಷ್ಟೋ, ಗೋಡೆಯಿಂದ ಹೊರಬಂದ ಉಪ್ಪೋ ಎಂಬ ಚರ್ಚೆ ಮುಗಿದಿಲ್ಲ. ಕಾರಣವನ್ನು ಅಶುದ್ಧಿಯಲ್ಲಿ ಹುಡುಕಿದ್ದು ಬೇರೆ ಮಾತು. ಒಂದೇ ಭೇಟಿಯಲ್ಲಿ ತೀರ್ಪು ಕೊಡದೆ, ಕಾದು, ಮರಳಿ ಬಂದು ಹೋಲಿಸಿ ನೋಡುವ ಆ ಕ್ರಮವನ್ನು ಇಂದಿನ ಎಷ್ಟೋ ತಪಾಸಣೆಗಳು ಪಾಲಿಸುವುದಿಲ್ಲ. ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಏಳನೆಯ ಪುಸ್ತಕದಲ್ಲಿ ತೇವದ ಗೋಡೆಗೆ ನೆಲದಿಂದ 3 ಅಡಿ ಎತ್ತರದವರೆಗೆ ಮರಳಿನ ಬದಲು ಕುಟ್ಟಿದ ಮಡಕೆಚೂರು ಬೆರೆಸಿದ ಗಾರೆ ಬಳಿಯಲು ಹೇಳಿದ್ದಾನೆ. ತೇವ ವಿಪರೀತವಾಗಿದ್ದರೆ ಒಳಬದಿಗೆ ಇನ್ನೊಂದು ತೆಳುಗೋಡೆ ಕಟ್ಟಿ, ನಡುವಿನ ಸಂದಿನಲ್ಲಿ ಗಾಳಿಯಾಡಲು ಬಿಡಬೇಕು ಎನ್ನುತ್ತಾನೆ.

19ನೆಯ ಶತಮಾನದಲ್ಲಿ ತೇವ ಸಾರ್ವಜನಿಕ ಆರೋಗ್ಯದ ವಿಷಯವಾಯಿತು. ಎಡ್ವಿನ್ ಚಾಡ್ವಿಕ್‌ನ 1842ರ ವರದಿ ಇಂಗ್ಲೆಂಡಿನ ಬಡವರ ಮನೆಗಳ ಕೊಳಕು, ಇಕ್ಕಟ್ಟು, ತೇವಗಳನ್ನು ರೋಗದೊಂದಿಗೆ ಸೇರಿಸಿ ನೋಡಿತು. ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಇಟ್ಟಿಗೆ, ಗಾರೆಗಳ ಮೂಲಕ ಗಾಳಿ ಎಷ್ಟು ಹಾಯುತ್ತದೆ ಎಂದು ಪ್ರಯೋಗ ಮಾಡಿ, ಒದ್ದೆ ಗೋಡೆ ಗಾಳಿಯನ್ನು ತಡೆಯುತ್ತದೆ ಎಂದು ತೋರಿಸಿದ. ಅದೇ ಕಾಲದ ಬರ್ಲಿನ್‌ನಲ್ಲಿ ಹೊಸದಾಗಿ ಕಟ್ಟಿದ ಹಸಿ ಮನೆಗಳಿಗೆ ಬಡ ಕುಟುಂಬಗಳನ್ನು ಅಗ್ಗದ ಬಾಡಿಗೆಗೆ ಕೂರಿಸುತ್ತಿದ್ದರು. ಅವರ ಒಲೆಯ ಕಾವಿಗೂ ಉಸಿರಿಗೂ ಸುಣ್ಣದ ಗಾರೆ ಗಟ್ಟಿಯಾಗಿ ಗೋಡೆ ಒಣಗುತ್ತಿತ್ತು. ಒಣಗಿದೊಡನೆ ಬಾಡಿಗೆ ಏರುತ್ತಿತ್ತು, ಅವರು ಮುಂದಿನ ಹಸಿ ಮನೆಗೆ ಹೋಗುತ್ತಿದ್ದರು. ಇಂಥವರಿಗೆ ಜರ್ಮನ್ ಭಾಷೆಯಲ್ಲಿ ‘ಮನೆ ಒಣಗಿಸುವ ಬಾಡಿಗೆದಾರರು’ ಎಂಬರ್ಥದ ಹೆಸರೇ ಇತ್ತು.

ಇಂಗ್ಲೆಂಡಿನಲ್ಲಿ 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಬೆನ್ನಿಗೆ 1877ರಲ್ಲಿ ಬಂದ ಮಾದರಿ ಉಪನಿಯಮಗಳು ಹೊಸ ಮನೆಯ ಗೋಡೆಗಳಲ್ಲಿ ತೇವ ತಡೆಯುವ ಪದರ ಇರಬೇಕೆಂದವು. ಸೀಸದ ತಗಡು, ಆಸ್ಫಾಲ್ಟ್, ಸಿಮೆಂಟಿನಲ್ಲಿ ಕೂರಿಸಿದ ಸ್ಲೇಟು ಕಲ್ಲು ಇದಕ್ಕೆ ಬಳಕೆಯಾದವು. ನೆಲಮಟ್ಟದಿಂದ 6 ಅಂಗುಲ, ಅಂದರೆ 150 ಮಿ.ಮೀ. ಮೇಲೆ ಈ ಪದರ ಇರಬೇಕೆಂಬುದು ರೂಢಿಯಾಯಿತು. ಕರ್ನಾಟಕದ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಇರುವ ‘ಡಿಪಿಸಿ’ ಈ ಪದರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ. ಪದರ ಬಂದ ಮೇಲೆ ತಪಾಸಣೆಯ ಮೊದಲ ಪ್ರಶ್ನೆಯೂ ಹುಟ್ಟಿತು: ಗೋಡೆಯಲ್ಲಿ ಪದರ ಇದೆಯೇ, ಇದ್ದರೆ ಅದನ್ನು ದಾಟಿ ನೀರು ಹೋಗಲು ಏನಾದರೂ ಸೇತುವೆಯಾಗಿದೆಯೇ? ಗೋಡೆಗೆ ತಾಗಿಸಿ ಏರಿಸಿದ ಹೂದೋಟದ ಮಣ್ಣು, ಪದರದ ಮೇಲೂ ಹರಡಿದ ಹೊರಗಿಲಾವು, ಎತ್ತರಿಸಿದ ಅಂಗಳ ಇವು ಅಂದಿನಿಂದ ಇಂದಿನವರೆಗೂ ಸಿಗುವ ಸಾಮಾನ್ಯ ಸೇತುವೆಗಳು. ಹಾರೆಯಿಂದ ಅರ್ಧ ದಿನ ಮಣ್ಣು ತೆಗೆದರೆ ವಾಸಿಯಾಗುವ ತೇವ ಕಡಿಮೆಯೇನಲ್ಲ.

ಉಪಕರಣಗಳು ಬಂದದ್ದು 20ನೆಯ ಶತಮಾನದಲ್ಲಿ, ಅದೂ ಮರದ ವ್ಯಾಪಾರದಿಂದ. ಅಮೆರಿಕದ ಆಲ್ಫ್ರೆಡ್ ಸ್ಟಾಮ್ 1927ರಲ್ಲಿ ಮರದ ವಿದ್ಯುತ್ ರೋಧವನ್ನು ಅಳೆದು ಅದರ ತೇವಾಂಶ ಹೇಳಬಹುದು ಎಂದು ತೋರಿಸಿದ. ಮರ ಒಣಗಿದಷ್ಟೂ ವಿದ್ಯುತ್ತು ಹರಿಯುವುದು ಕಷ್ಟ. ಎರಡು ಸೂಜಿಗಳ ಪುಟ್ಟ ಮೀಟರು ಇದರಿಂದ ಹುಟ್ಟಿತು. ಮರಕ್ಕೆ ಅದು ನಂಬಿಕೆಯ ಸಾಧನ. 20%ಕ್ಕಿಂತ ಹೆಚ್ಚು ತೇವ ತೋರಿಸಿದ ತೊಲೆಗೆ ಶಿಲೀಂಧ್ರ ಹತ್ತುವ ಭಯವಿದೆ ಎಂದು ಧೈರ್ಯವಾಗಿ ಹೇಳಬಹುದು. ಅದೇ ಸೂಜಿಯನ್ನು ಗಿಲಾವಿಗೆ ಚುಚ್ಚಿದಾಗ ತೊಡಕು ಶುರುವಾಗುತ್ತದೆ. ಮೀಟರು ನೀರನ್ನು ಅಳೆಯುವುದಿಲ್ಲ, ವಿದ್ಯುತ್ತು ಹರಿಯುವ ಸಲೀಸನ್ನು ಅಳೆಯುತ್ತದೆ. ಗೋಡೆಯಲ್ಲಿ ಉಪ್ಪಿದ್ದರೆ, ಗೋಡೆಕಾಗದದ ಹಿಂದೆ ಲೋಹದ ಹಾಳೆಯಿದ್ದರೆ, ಗಾರೆಗೆ ಕಿಟ್ಟದ ಬೂದಿ ಬೆರೆಸಿದ್ದರೆ ಹೆಚ್ಚುಕಡಿಮೆ ಒಣಗಿದ ಗೋಡೆಯೂ ಕೆಂಪು ದೀಪ ಬೆಳಗಿಸುತ್ತದೆ. ಹಾಗಾಗಿ ಅದರ ಅಂಕಿಯನ್ನು ಒಂಟಿಯಾಗಿ ಓದಿದರೆ ಅರ್ಥವಿಲ್ಲ. ಗೋಡೆಯುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಹಲವು ಕಡೆ ಅಳೆದು, ಎಲ್ಲಿ ಏರುತ್ತದೆ, ಎಲ್ಲಿ ಹಠಾತ್ತಾಗಿ ಇಳಿಯುತ್ತದೆ ಎಂಬ ನಕ್ಷೆ ಮಾಡುವುದೇ ಅದರ ಸರಿಯಾದ ಬಳಕೆ.

ಮೀಟರಿನ ಈ ಮಿತಿ ಬಲ್ಲವರು ಗೋಡೆಯನ್ನು ಕೊರೆದು ನೋಡುವ ಪದ್ಧತಿಗೆ ಬಂದರು. ಒಂದು ಉಪಾಯ ಕಾರ್ಬೈಡ್ ಸೀಸೆ. ಕೊರೆದ ಪುಡಿಯನ್ನು ತೂಗಿ ಕ್ಯಾಲ್ಸಿಯಂ ಕಾರ್ಬೈಡ್ ಜತೆ ಮುಚ್ಚಿದ ಲೋಹದ ಪಾತ್ರೆಯಲ್ಲಿ ಕುಲುಕಿದರೆ, ಪುಡಿಯಲ್ಲಿನ ನೀರಿಗೆ ತಕ್ಕಷ್ಟು ಅಸಿಟಿಲೀನ್ ಅನಿಲ ಹುಟ್ಟಿ ಒತ್ತಡದ ಮುಳ್ಳನ್ನು ಏರಿಸುತ್ತದೆ. ಇನ್ನೂ ಖಚಿತವಾದದ್ದು, 1921ರಲ್ಲಿ ಆರಂಭವಾದ ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರ ತನ್ನ 245ನೆಯ ಕೈಪಿಡಿಯಲ್ಲಿ ವಿವರಿಸಿದ ಪ್ರಯೋಗಾಲಯ ವಿಧಾನ. ಇಟ್ಟಿಗೆಗಳ ನಡುವಿನ ಗಾರೆಯಿಂದ ಬೇರೆ ಬೇರೆ ಎತ್ತರದಲ್ಲಿ ಮಾದರಿ ತೆಗೆದು ತೂಗಬೇಕು. 75% ಆರ್ದ್ರತೆಯ ಪೆಟ್ಟಿಗೆಯಲ್ಲಿಟ್ಟು ಮತ್ತೆ ತೂಗಬೇಕು. ಕುಲುಮೆಯಲ್ಲಿ ಪೂರ್ತಿ ಒಣಗಿಸಿ ಮೂರನೆಯ ಸಲ ತೂಗಬೇಕು. ಗಾಳಿಯಿಂದಲೇ ಹೀರಿಕೊಳ್ಳಬಲ್ಲಷ್ಟು ನೀರು ಮಾತ್ರ ಪುಡಿಯಲ್ಲಿದ್ದರೆ ಅದು ಉಪ್ಪಿನ ಕೆಲಸ. ಅದಕ್ಕಿಂತ ಹೆಚ್ಚಿದ್ದರೆ ಬೇರೆಲ್ಲಿಂದಲೋ ನೀರು ಬರುತ್ತಿದೆ. ನೆಲದಿಂದ ಏರುವ ತೇವ ಸಾಮಾನ್ಯವಾಗಿ 1 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಏರುವ ನೀರೂ ಗೋಡೆಯಿಂದ ಆರುವ ನೀರೂ ಅಲ್ಲಿ ಸಮವಾಗುತ್ತವೆ. ಮಣ್ಣಿನಿಂದ ಬಂದ ನೈಟ್ರೇಟು, ಕ್ಲೋರೈಡುಗಳು ಆ ಗೆರೆಯಲ್ಲಿ ಉಳಿದು ಕಂದು ಪಟ್ಟಿಯಾಗುತ್ತವೆ.

ಇಷ್ಟು ತಾಳ್ಮೆಯ ಕೆಲಸಕ್ಕೆ ಮಾರುಕಟ್ಟೆ ಕಾಯಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಹಳೆಯ ಗೋಡೆಗೆ ಸಾಲಾಗಿ ತೂತು ಕೊರೆದು ಸಿಲಿಕೋನ್ ದ್ರಾವಣ ತುಂಬಿ ಹೊಸ ಪದರ ಮಾಡುವ ಉದ್ಯಮ ಬೆಳೆಯಿತು. ಮನೆಸಾಲ ಕೊಡುವ ಸಂಸ್ಥೆಗಳು ಹಳೆಯ ಮನೆಗಳಿಗೆ ತೇವದ ವರದಿಯನ್ನೂ ಕೆಲಸದ ಗ್ಯಾರಂಟಿ ಪತ್ರವನ್ನೂ ಕೇಳತೊಡಗಿದವು. ಗುತ್ತಿಗೆ ಕಂಪನಿಗಳು ಬಿಟ್ಟಿ ತಪಾಸಣೆ ಮಾಡಿಕೊಡತೊಡಗಿದವು. ದ್ರಾವಣ ಮಾರುವವನೇ ಗೋಡೆಯ ನಾಡಿ ಹಿಡಿದಾಗ ರೋಗದ ಹೆಸರು ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಲಂಡನ್ನಿನಲ್ಲಿ ಕಟ್ಟಡಶಾಸ್ತ್ರ ಕಲಿಸುತ್ತಿದ್ದ ಜೆಫ್ ಹೋವೆಲ್ ಇಟ್ಟಿಗೆ ಕಂಬಗಳನ್ನು ಕಟ್ಟಿ ನೀರಿನಲ್ಲಿ ನಿಲ್ಲಿಸಿ, ನೀರು ಹೇಳಿದಷ್ಟು ಏರುವುದಿಲ್ಲ ಎಂದು ವಾದಿಸಿ 2008ರಲ್ಲಿ ಪುಸ್ತಕವನ್ನೇ ಬರೆದ. ಏರುವ ತೇವವೇ ಸುಳ್ಳು ಎಂಬವರೆಗೆ ಹೋದ ಈ ವಾದವನ್ನು ಹಲವರು ಒಪ್ಪಲಿಲ್ಲ. ಆದರೂ, ಏರುವ ತೇವವೆಂದು ಬರೆದ ವರದಿಗಳಲ್ಲಿ ಬಹಳಷ್ಟು ತಪ್ಪಿದ್ದವು ಎಂಬುದನ್ನು ತಳ್ಳಿಹಾಕುವುದು ಕಷ್ಟವಾಯಿತು.

ಅಷ್ಟರಲ್ಲಿ ಮನೆಗಳೂ ಬದಲಾಗಿದ್ದವು. ಕಲ್ಲಿದ್ದಲ ಒಲೆ ಹೋಗಿ ಹೊಗೆಗೂಡು ಮುಚ್ಚಿತು, ಕಿಟಕಿಯ ಸಂದುಗಳು ಬಿಗಿಯಾದವು, ಕಾಂಕ್ರೀಟ್ ಹಲಗೆಗಳ ಬಹುಮಹಡಿ ವಸತಿಗಳು ಎದ್ದವು. ಚಳಿಗೆ ಹಚ್ಚಿದ ಸೀಮೆಎಣ್ಣೆ ಒಲೆಯಲ್ಲಿ 1 ಲೀಟರ್ ಎಣ್ಣೆ ಉರಿದರೆ ಸುಮಾರು ಅಷ್ಟೇ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. 20 ಡಿಗ್ರಿ ಉಷ್ಣತೆ, 60% ಆರ್ದ್ರತೆಯ ಗಾಳಿ 12 ಡಿಗ್ರಿಯ ಗೋಡೆಗೆ ತಾಗಿದರೆ ಹನಿಗಟ್ಟುತ್ತದೆ. ಬೂಷ್ಟಿಗಾದರೋ ಹನಿಯೇ ಬೇಕಿಲ್ಲ. ಮೇಲ್ಮೈಗೆ ತಾಗಿದ ಗಾಳಿಯ ಆರ್ದ್ರತೆ 80% ಆಗಿ ಕೆಲಕಾಲ ನಿಂತರೆ ಸಾಕು. ಅದೇ ಕೋಣೆಯಲ್ಲಿ 15 ಡಿಗ್ರಿಯ ಆಸುಪಾಸಿನ ಮೂಲೆ ಆ ಮಟ್ಟ ಮುಟ್ಟುತ್ತದೆ. ಬೀರುವಿನ ಹಿಂದೆ, ಹೊರಗೋಡೆಗಳು ಕೂಡುವ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಮೊದಲು ಹುಟ್ಟುವುದು ಇದಕ್ಕೇ. ಆರ್ದ್ರತಾಮಾಪಕ, ಮೇಲ್ಮೈ ಉಷ್ಣಮಾಪಕ, ವಾರಗಟ್ಟಲೆ ದಾಖಲಿಸುವ ಪುಟ್ಟ ಯಂತ್ರ, ಆಮೇಲೆ ಅವಕೆಂಪು ಕ್ಯಾಮೆರಾ ತಪಾಸಣೆಯ ಚೀಲಕ್ಕೆ ಸೇರಿದವು. ಕ್ಯಾಮೆರಾ ತೋರಿಸುವುದು ತಣ್ಣನೆಯ ಜಾಗವನ್ನು; ಅದು ಒದ್ದೆಯೋ ಬರೀ ತಂಪೋ ಎಂದು ಬೇರೆಯಾಗಿ ಪರೀಕ್ಷಿಸಬೇಕು.

ಕಾರಣದ ಹೆಸರಿಗೆ ನ್ಯಾಯಾಲಯದಲ್ಲೂ ಬೆಲೆ ಬಂತು. ವೇಲ್ಸ್‌ನ ಟಾಫ್ ಈಲಿ ಬರೋ ಕೌನ್ಸಿಲ್ ವಿರುದ್ಧ ಬಾಡಿಗೆದಾರರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 1985ರಲ್ಲಿ, ಲೋಹದ ಕಿಟಕಿ ಚೌಕಟ್ಟುಗಳಿಂದ ಮನೆ ವಾಸಕ್ಕೆ ಅಸಹನೀಯವಾಗುವಷ್ಟು ಹನಿಗಟ್ಟಿದರೂ ಕಟ್ಟಡದ ಭಾಗ ಹಾಳಾಗದಿದ್ದರೆ ಅದು ದುರಸ್ತಿಯ ಕೊರತೆಯಲ್ಲ ಎಂದಿತು. ಅಲ್ಲಿಂದ ವರದಿಯಲ್ಲಿನ ಒಂದೇ ಪದ ಖರ್ಚು ಯಾರದೆಂದು ತೀರ್ಮಾನಿಸತೊಡಗಿತು. ಮಳೆನೀರು ಎಂದರೆ ಮಾಲೀಕನದು. ಹನಿಗಟ್ಟುವುದು ಎಂದರೆ ಬಟ್ಟೆ ಒಣಹಾಕಿದ, ಕಿಟಕಿ ತೆರೆಯದ ಬಾಡಿಗೆದಾರನದು. 2004ರ ವಸತಿ ಕಾಯಿದೆಯಡಿ ಬಂದ 29 ಅಪಾಯಗಳ ಪಟ್ಟಿಯಲ್ಲಿ ತೇವ ಮತ್ತು ಬೂಷ್ಟಿಗೆ ಮೊದಲ ಸ್ಥಾನ ಸಿಕ್ಕಿತು, 2018ರ ಇನ್ನೊಂದು ಕಾಯಿದೆ ವಾಸಯೋಗ್ಯತೆಯನ್ನೇ ಮಾನದಂಡ ಮಾಡಿತು. ಬಾಡಿಗೆದಾರರ ಜೀವನಶೈಲಿಯನ್ನು ದೂರುವ ಚಾಳಿ ಬಿಡಬೇಕೆಂದು ಇಂಗ್ಲೆಂಡಿನ ವಸತಿ ಓಂಬುಡ್ಸ್‌ಮನ್ 2021ರಲ್ಲಿ ವರದಿ ಕೊಟ್ಟರು.

2020ರ ಡಿಸೆಂಬರಿನಲ್ಲಿ ರಾಚ್‌ಡೇಲ್‌ನ ಸಾಮಾಜಿಕ ವಸತಿಯೊಂದರಲ್ಲಿ ಅವಾಬ್ ಇಶಾಕ್ ಎಂಬ 2 ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡು ಬಂದ ಉಸಿರಾಟದ ಕಾಯಿಲೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ಮರಣವಿಚಾರಣಾಧಿಕಾರಿ ತೀರ್ಮಾನಿಸಿದರು. ಅದೇ ವರ್ಷ ಪಾರಂಪರಿಕ ಕಟ್ಟಡಗಳ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್, ಸರ್ವೇಯರುಗಳ ರಾಯಲ್ ಸಂಸ್ಥೆ ಮತ್ತು ದುರಸ್ತಿ ಉದ್ಯಮದ ಸಂಘ ಸೇರಿ, ಸಾಂಪ್ರದಾಯಿಕ ಕಟ್ಟಡಗಳಲ್ಲಿ ಇಡೀ ಕಟ್ಟಡವನ್ನು ನೋಡಿ ಮೂಲ ಹುಡುಕಿದ ಮೇಲೆಯೇ ಚಿಕಿತ್ಸೆ ಎಂಬ ಜಂಟಿ ನಿಲುವು ಪ್ರಕಟಿಸಿದವು. ಈಗಿನ ಒಳ್ಳೆಯ ತಪಾಸಣೆ ಆದ್ದರಿಂದ ಹೊರಗಿನಿಂದ ಶುರುವಾಗುತ್ತದೆ: ಚಾವಣಿ, ಮಳೆನೀರಿನ ದೋಣಿ, ಗೋಡೆಯ ಬಿರುಕು, ಅಂಗಳದ ಮಟ್ಟ. ಆಮೇಲೆ ಮನೆಯವರ ಜತೆ ಮಾತು. ಕಲೆ ಯಾವಾಗ ಬರುತ್ತದೆ, ಮಳೆಗೋ ಚಳಿಗೋ ಎಂಬ ವಿಚಾರಣೆ. ಮೀಟರು ಹೊರಬರುವುದು ಆಮೇಲೆ.

ಮಗುವಿನ ಹೆಸರಿನಲ್ಲೇ ಕರೆಯಲಾಗುವ ಅವಾಬ್ ಕಾನೂನು 2025ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಸಾಮಾಜಿಕ ವಸತಿಗಳಿಗೆ ಜಾರಿಯಾಯಿತು. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ತಪಾಸಣೆ ನಡೆಸಿ ಅಪಾಯ ನಿವಾರಿಸಬೇಕು. ಗಂಭೀರ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ತಪಾಸಣೆಯಾಗಬೇಕು. ತಪಾಸಣೆ ಮುಗಿದ 3 ಕೆಲಸದ ದಿನಗಳಲ್ಲಿ ಅದರ ಸಾರಾಂಶ ಬರವಣಿಗೆಯಲ್ಲಿ ಬಾಡಿಗೆದಾರನ ಕೈಸೇರಬೇಕು, 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು.