ಪಿಎಚ್.ಡಿ. ಇಲ್ಲದ ನಿರ್ದೇಶಕ

ಹೋದ ವರ್ಷ ಪ್ರಾಜೆಕ್ಟ್ ಕೆಲಸಕ್ಕೆಂದು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೊರಟಿದ್ದೆ. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೆರೆದು ಹೊಸ ಹುದ್ದೆಗೆ ಬಂದ ಅರ್ಜಿಗಳನ್ನು ಜರಡಿ ಹಿಡಿಯುತ್ತಿದ್ದೆ. ಎಂಜಿನಿಯರಿಂಗ್ ಡಿಗ್ರಿ ಇಲ್ಲದವರದ್ದನ್ನು ಪೂರ್ತಿ ಓದದೆ ಬೇರೆ ಫೋಲ್ಡರಿಗೆ ಹಾಕಿದೆ. ಎಂ.ಟೆಕ್. ಮಾಡಿದವನ ಗರ್ವ ಅನ್ನಿ, ಸೋಮಾರಿತನ ಅನ್ನಿ.

ವಿಶಾಖಪಟ್ಟಣದಲ್ಲಿ ಇಳಿದಾಗ ಸಿ.ವಿ. ರಾಮನ್ ನೆನಪಾದರು. ಅವರ ತಂದೆ ಅಲ್ಲಿ ಕಾಲೇಜು ಮೇಷ್ಟ್ರು. ಮಗ ಅಲ್ಲೇ ಹನ್ನೊಂದನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿದ. ಆ ರಾಮನ್‌ರೂ ಓದಿ ಡಾಕ್ಟರೇಟ್ ಪಡೆದವರಲ್ಲ. ಕಲ್ಕತ್ತ ವಿಶ್ವವಿದ್ಯಾಲಯ 1921ರಲ್ಲಿ ಕೊಟ್ಟದ್ದು ಗೌರವ ಪದವಿ.

ರಾಮನ್ ಮಗ ವಿ. ರಾಧಾಕೃಷ್ಣನ್ (1929–2011) ಈ ವಿಷಯದಲ್ಲಿ ಅಪ್ಪನನ್ನೂ ಮೀರಿಸಿದರು. 1950ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಪಡೆದರು, ಪರೀಕ್ಷೆ ಬರೆದು ಗಳಿಸಿದ ಪದವಿ ಅಷ್ಟೇ. 1955ರಲ್ಲಿ ಸ್ವೀಡನ್ನಿಗೆ ಹೋಗಿ, ಆಗಿನ್ನೂ ಎಳೆಯದಾಗಿದ್ದ ರೇಡಿಯೋ ಖಗೋಳವಿಜ್ಞಾನವನ್ನು ಉಪಕರಣ ಕಟ್ಟುತ್ತಲೇ ಕಲಿತರು. ಮುಂದೆ ಕ್ಯಾಲಿಫೋರ್ನಿಯಾ. 1960ರಲ್ಲಿ ಜೇಮ್ಸ್ ರಾಬರ್ಟ್ಸ್ ಜೊತೆ ಗುರುಗ್ರಹದ ರೇಡಿಯೋ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂದು ಅಳೆದರು. ಭೂಮಿಯಂತೆ ಗುರುವಿನ ಕಾಂತಕ್ಷೇತ್ರವೂ ಸುತ್ತಲಿನ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡಿದೆ ಎಂಬುದಕ್ಕೆ ಆ ಅಳತೆಯೇ ಸಾಕ್ಷಿಯಾಯಿತು. ಅಲ್ಲಿಂದ ಆಸ್ಟ್ರೇಲಿಯಾದ ಕೆಲಸಕ್ಕೆ ಸೇರಲು ಹಾಯಿದೋಣಿಯಲ್ಲಿ ಸಾಗರ ದಾಟಿ ಹೋದರು! ಈಗಿನ ಯಾವ ಎಚ್‌ಆರ್ ಇಂಥ ಜಾಯಿನಿಂಗ್ ಡೇಟ್ ಒಪ್ಪಿಯಾರು?

ಅಲ್ಲಿ 1969ರಲ್ಲಿ ವೇಲಾ ಪಲ್ಸಾರ್ ನೋಡಿದರು. ಸೆಕೆಂಡಿಗೆ ಹನ್ನೊಂದು ಬಾರಿ ಮಿಡಿಯುವ ನಕ್ಷತ್ರವದು. ಒಂದೊಂದು ಮಿಡಿತದೊಳಗೂ ಅಲೆಯ ಕಂಪನದ ದಿಕ್ಕು ನುಣ್ಣಗೆ ಹೊರಳುತ್ತಿತ್ತು. ಕಿರಣ ಹೊಮ್ಮುವುದು ಕಾಂತಧ್ರುವದ ಬಳಿಯಿಂದ, ತಿರುಗುವ ನಕ್ಷತ್ರ ಅದನ್ನು ದೀಪಸ್ತಂಭದಂತೆ ಬೀಸುತ್ತದೆ ಎಂದು ಅವರು, ಕುಕ್ ವಿವರಿಸಿದರು. ಆ ಚಿತ್ರ ಇಂದಿಗೂ ಪಲ್ಸಾರ್ ಅಧ್ಯಯನಕ್ಕೆ ಬುನಾದಿ.

ರಾಮನ್ 1970ರಲ್ಲಿ ತೀರಿಕೊಂಡರು. 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಮಗ ನಿರ್ದೇಶಕರಾಗಿ ಬಂದರು. ಅವರ ಕಾಲದಲ್ಲಿ ಆ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ ಸೇರಿ ಗೌರಿಬಿದನೂರಿನ ಬಯಲಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ನೆಟ್ಟವು. ಪೂರ್ವ–ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್. ನೋಡುವವರಿಗೆ ಬರೀ ಕಂಬ, ತಂತಿ.

ಪಿಎಚ್.ಡಿ. ಇಲ್ಲದ ಈ ಮನುಷ್ಯ ಎಷ್ಟೋ ಪಿಎಚ್.ಡಿ.ಗಳು ಹುಟ್ಟಿದ ಸಂಸ್ಥೆಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದರು.

ವಿಶಾಖಪಟ್ಟಣದ ಹೋಟೆಲಿನಲ್ಲಿ ಆ ರಾತ್ರಿ ಪಕ್ಕಕ್ಕಿಟ್ಟ ಫೋಲ್ಡರ್ ತೆರೆದೆ. ಹದಿನೇಳು ಅರ್ಜಿಗಳಿದ್ದವು. ಮೊದಲನೆಯದನ್ನು ಕೊನೆಯವರೆಗೆ ಓದಿದೆ.