ಅಶ್ರುವಿಜ್ಞಾನದ ಇತಿಹಾಸ: ಒಂದು ವಿವೇಚನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಣ್ಣೀರನ್ನು ಕುರಿತ ಪ್ರಬಂಧವೊಂದು ಕಾಣಿಸಿಕೊಂಡುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವೆಂದು ತೋರಬಹುದು. ಯುದ್ಧಗಳಲ್ಲಿಯೂ ಕ್ಷಾಮಗಳಲ್ಲಿಯೂ ಜನರು ಸುರಿಸಿದ ಕಣ್ಣೀರು ಚರಿತ್ರಕಾರನಿಗೆ ಅಪರಿಚಿತವಾದುದಲ್ಲ. ಆದರೆ ಅಳುವೇ ಇಲ್ಲದಿರುವಾಗಲೂ ಎಚ್ಚರವಿರುವಷ್ಟು ಹೊತ್ತು ನಮ್ಮ ಕಣ್ಣನ್ನು ತೋಯಿಸುತ್ತಿರುವ ನೀರಿಗೂ ಒಂದು ಚರಿತ್ರೆಯುಂಟು. ಅದು ಆ ನೀರನ್ನು ಕುರಿತು ಮಾನವನು ಪಡೆದ ತಿಳಿವಳಿಕೆಯ ಚರಿತ್ರೆ. ಅದರ ಮುಖ್ಯ ಘಟ್ಟಗಳನ್ನು ಸ್ಥೂಲವಾಗಿ ನಿರೂಪಿಸಿ, ಅವುಗಳಿಂದ ಏಳುವ ಒಂದು ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಣ್ಣೀರನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಬಹುದು: ಅದು ಎಲ್ಲಿಂದ ಬರುತ್ತದೆ? ಅದು ಏತಕ್ಕಾಗಿ ಇದೆ? ಅದು ಬತ್ತಿದರೆ ಏನಾಗುತ್ತದೆ? ಮೊದಲನೆಯ ಪ್ರಶ್ನೆಗೆ ಯೂರೋಪಿನಲ್ಲಿ ಸರಿಯಾದ ಉತ್ತರ ದೊರೆತುದು 17ನೆಯ ಶತಮಾನದಲ್ಲಿ. ಮೂರನೆಯದಕ್ಕೆ ವ್ಯವಸ್ಥಿತವಾದ ಉತ್ತರ ದೊರೆಯಲು 20ನೆಯ ಶತಮಾನದವರೆಗೆ ಕಾಯಬೇಕಾಯಿತು. ಈ ದೀರ್ಘ ವಿಳಂಬಕ್ಕೆ ಕಾರಣವೇನೆಂಬುದೇ ನಮ್ಮ ಮುಂದಿರುವ ಸಮಸ್ಯೆ.

1. ಪ್ರಾಚೀನರ ಅಭಿಪ್ರಾಯಗಳು

ನಮ್ಮ ದೇಶದ ವೈದ್ಯಗ್ರಂಥಗಳಲ್ಲಿ ಕಣ್ಣೀರಿಗೆ ಗಣನೀಯವಾದ ಸ್ಥಾನವುಂಟು. ತಡೆಯಬಾರದ ಹದಿಮೂರು ಸ್ವಾಭಾವಿಕ ವೇಗಗಳಲ್ಲಿ ಚರಕಸಂಹಿತೆಯು ಬಾಷ್ಪವನ್ನೂ, ಎಂದರೆ ಕಣ್ಣೀರನ್ನೂ, ಎಣಿಸಿದೆ. ಅದನ್ನು ಬಲಾತ್ಕಾರದಿಂದ ತಡೆದರೆ ನೇತ್ರರೋಗ, ಹೃದ್ರೋಗ ಮುಂತಾದುವು ಉಂಟಾಗುವುವೆಂದು ಎಚ್ಚರಿಸಿದೆ. ಸುಶ್ರುತಸಂಹಿತೆಯ ಉತ್ತರತಂತ್ರದ ಮೊದಲ ಹತ್ತೊಂಬತ್ತು ಅಧ್ಯಾಯಗಳು ನೇತ್ರರೋಗಗಳಿಗೇ ಮೀಸಲಾಗಿವೆ. ಅಲ್ಲಿ ಹೇಳಿರುವ 76 ರೋಗಗಳಲ್ಲಿ ಇಡೀ ಕಣ್ಣನ್ನು ವ್ಯಾಪಿಸುವ 17 ರೋಗಗಳ ವರ್ಗವೊಂದಿದೆ. ‘ಶುಷ್ಕಾಕ್ಷಿಪಾಕ’ ಎಂಬುದು ಇವುಗಳಲ್ಲಿ ಒಂದು. ರೆಪ್ಪೆಗಳು ಒರಟಾಗಿ ಬಿರುಸಾಗುವುದು, ನೋಟ ಕದಡುವುದು, ಕಣ್ಣು ತೆರೆಯಲು ಕಷ್ಟವಾಗುವುದು ಇದರ ಲಕ್ಷಣಗಳು. ತುಪ್ಪದ ಸೇವನೆ, ಕಣ್ಣಿಗೆ ತುಪ್ಪದ ತರ್ಪಣ, ಸೈಂಧವ ಲವಣ ಸೇರಿದ ಔಷಧಗಳು ಮೊದಲಾದ ಚಿಕಿತ್ಸೆಗಳನ್ನು ಅಲ್ಲಿ ವಿಧಿಸಲಾಗಿದೆ.

ಇದನ್ನು ಓದಿದೊಡನೆ, ಇಂದಿನ ಶುಷ್ಕನೇತ್ರರೋಗವನ್ನು ನಮ್ಮ ಪೂರ್ವಿಕರು ಅಂದೇ ಅರಿತಿದ್ದರೆಂದು ಹೇಳಿಬಿಡುವ ಆಸೆ ಸಹಜ. ಆದರೆ ಇಲ್ಲಿ ಸಂಯಮ ಅಗತ್ಯ. ಸುಶ್ರುತದಲ್ಲಿ ರೋಗದ ಕಾರಣವು ವಾತಾದಿ ದೋಷಗಳ ಪ್ರಕೋಪವೇ ಹೊರತು ಕಣ್ಣೀರಿನ ಕೊರತೆಯಲ್ಲ. ಲಕ್ಷಣಗಳ ಸಾಮ್ಯದಿಂದ ಸಿದ್ಧಾಂತದ ಸಾಮ್ಯವನ್ನು ಊಹಿಸುವುದು ಚರಿತ್ರಕಾರನಿಗೆ ಸಲ್ಲದು. ಆದರೂ ಕಣ್ಣು ಒಣಗುವುದನ್ನು ಒಂದು ರೋಗವೆಂದು ಗುರುತಿಸಿ, ಅದಕ್ಕೆ ಪ್ರತ್ಯೇಕವಾದ ಹೆಸರಿತ್ತು, ಜಿಡ್ಡಿನ ಪದಾರ್ಥದಿಂದ ಉಪಚರಿಸಿದ ಶ್ರೇಯಸ್ಸು ಆ ಗ್ರಂಥಕ್ಕೆ ಸಲ್ಲತಕ್ಕದ್ದೆಂಬುದರಲ್ಲಿ ಸಂಶಯವಿಲ್ಲ.

ಪಾಶ್ಚಾತ್ಯರಲ್ಲಿ ಬಹುಕಾಲ ಪ್ರಬಲವಾಗಿದ್ದ ಅಭಿಪ್ರಾಯವೆಂದರೆ, ಕಣ್ಣೀರು ಮಿದುಳಿನಿಂದ ಹೊರಬೀಳುವ ಹೆಚ್ಚುವರಿ ದ್ರವ ಎಂಬುದು. 1586ರಲ್ಲಿ ವಿಷಣ್ಣತೆಯನ್ನು ಕುರಿತು ಗ್ರಂಥ ಬರೆದ ಇಂಗ್ಲೆಂಡಿನ ವೈದ್ಯ ತಿಮೊಥಿ ಬ್ರೈಟ್ ಈ ಮತವನ್ನೇ ಎತ್ತಿಹಿಡಿದನು. 1649ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು, ಕಣ್ಣುಗಳಿಂದ ಹೊರಡುವ ಆವಿಯು ನೀರಾಗಿ ಮಾರ್ಪಟ್ಟು ಕಣ್ಣೀರಾಗುವುದೆಂದು ವಿವರಿಸಿದನು. ಈ ಎರಡು ಮತಗಳಲ್ಲಿಯೂ ಕಣ್ಣೀರೆಂದರೆ ದುಃಖದ ವೇಳೆ ಹರಿಯುವ ನೀರು. ನಿತ್ಯವೂ ಕಣ್ಣಿನ ಮೇಲಿರುವ ತೇವವು ಯಾರ ಗಮನವನ್ನೂ ಸೆಳೆದಿರಲಿಲ್ಲ.

2. ಗ್ರಂಥಿಗಳ ಶೋಧ

17ನೆಯ ಶತಮಾನದ ಮಧ್ಯಭಾಗವು ಗ್ರಂಥಿಗಳ ಅಧ್ಯಯನದ ಕಾಲ. 1656ರಲ್ಲಿ ಇಂಗ್ಲೆಂಡಿನ ತಾಮಸ್ ವಾರ್ಟನ್ ದೇಹದ ಗ್ರಂಥಿಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ನೆಗಡಿಯ ಸಿಂಬಳವು ಮಿದುಳಿನಿಂದ ಇಳಿಯುವುದೆಂಬ ಹಳೆಯ ನಂಬಿಕೆಯನ್ನು ಜರ್ಮನಿಯ ಷ್ನೈಡರನು ಸುಮಾರು ಇದೇ ಕಾಲದಲ್ಲಿ ಖಂಡಿಸಿದನು. ಇಂತಹ ವಾತಾವರಣದಲ್ಲಿ ಡೆನ್ಮಾರ್ಕಿನ ಯುವಕ ನೀಲ್ಸ್ ಸ್ಟೆನ್ಸೆನ್ (1638-1686) ಹಾಲೆಂಡಿಗೆ ಬಂದನು. 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಛೇದಿಸುವಾಗ ಅವನಿಗೆ ಜೊಲ್ಲುಗ್ರಂಥಿಯ ನಾಳವು ಗೋಚರವಾಯಿತು. ಆ ಶೋಧದ ಕೀರ್ತಿ ಯಾರದೆಂಬ ವಿಷಯದಲ್ಲಿ ಅವನಿಗೂ ಅವನ ಗುರು ಬ್ಲಾಸಿಯಸನಿಗೂ ಕಹಿಯಾದ ವಿವಾದ ನಡೆಯಿತು. 1662ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾದ ಅವನ ಅಂಗರಚನಾ ಗ್ರಂಥದಲ್ಲಿ ಅಶ್ರುಗ್ರಂಥಿಯೂ ಅದರ ಸೂಕ್ಷ್ಮನಾಳಗಳೂ ವರ್ಣಿತವಾದುವು. ಕಣ್ಣೀರು ಮಿದುಳಿನಿಂದ ಬರುವುದಿಲ್ಲ, ಗ್ರಂಥಿಯಿಂದ ಬರುತ್ತದೆ. ಕಣ್ಣನ್ನು ತೇವವಾಗಿಟ್ಟು ರೆಪ್ಪೆಯ ಚಲನೆಯನ್ನು ಸುಗಮಗೊಳಿಸುವುದು ಅದರ ಕೆಲಸ ಎಂಬುದು ಅವನ ತೀರ್ಮಾನ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಸ್ಟೆನ್ಸೆನನು ಎರಡನೆಯದರ ಬಾಗಿಲನ್ನೂ ಹೀಗೆ ತೆರೆದನು.

ನಾಲ್ಕು ವರ್ಷಗಳ ತರುವಾಯ, 1666ರಲ್ಲಿ, ಜರ್ಮನಿಯ ಹೆಲ್ಮ್‌ಷ್ಟೆಟ್ ವಿಶ್ವವಿದ್ಯಾನಿಲಯದ ಹೈನ್ರಿಷ್ ಮೈಬೋಮ್ ರೆಪ್ಪೆಗಳ ಒಳಗೆ ಸಾಲಾಗಿರುವ ಗ್ರಂಥಿಗಳನ್ನು ವಿವರಿಸಿದನು. ಇವು ಸ್ರವಿಸುವುದು ಜಿಡ್ಡನ್ನು. ಈ ಜಿಡ್ಡಿಗೂ ಕಣ್ಣೀರಿಗೂ ಇರುವ ಸಂಬಂಧದ ಪೂರ್ಣ ಮಹತ್ತ್ವವು ಸ್ಪಷ್ಟವಾಗಲು ಇನ್ನೂ ಸುಮಾರು ಮುನ್ನೂರು ವರ್ಷಗಳು ಕಳೆಯಬೇಕಾಯಿತು.

3. ಕಣ್ಣೀರಿನ ಘಟಕಗಳು

ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, 1791ರಲ್ಲಿ, ಫೂರ್‌ಕ್ರ್ವಾ ಮತ್ತು ವೋಕ್ಲೆನ್ ಎಂಬ ರಸಾಯನವಿಜ್ಞಾನಿಗಳು ಕಣ್ಣೀರನ್ನು ಪೃಥಕ್ಕರಿಸಿ, ನೀರಿನ ಜೊತೆಗೆ ಅಡಿಗೆಯುಪ್ಪೂ ಲೋಳೆಯಂತಹ ಪದಾರ್ಥವೂ ಅದರಲ್ಲಿವೆಯೆಂದು ತೋರಿಸಿದರು. ಇದಾದ ಮೇಲೆ ಗಮನಾರ್ಹವಾದ ಹೆಜ್ಜೆ ಬಿದ್ದುದು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ 1921ರಲ್ಲಿ ನೆಗಡಿಯಾಗಿದ್ದಾಗ ತಮ್ಮ ಮೂಗಿನ ಲೋಳೆಯನ್ನೇ ಪರೀಕ್ಷಿಸುತ್ತ, ಅದು ಒಂದು ಬಗೆಯ ಬ್ಯಾಕ್ಟೀರಿಯಗಳನ್ನು ಕರಗಿಸುವುದನ್ನು ಕಂಡರು. ಕಣ್ಣೀರಿನಲ್ಲಿ ಈ ಶಕ್ತಿ ಇನ್ನೂ ಅಧಿಕವಾಗಿತ್ತು. ಪ್ರಯೋಗಗಳಿಗೆ ಬೇಕಾದ ಕಣ್ಣೀರನ್ನು ಪಡೆಯಲು ಅವರೂ ಅವರ ಸಹಾಯಕರೂ ನಿಂಬೆಯ ಸಿಪ್ಪೆಯನ್ನು ಕಣ್ಣಿಗೆ ಹಿಂಡಿಕೊಳ್ಳುತ್ತಿದ್ದರು. 1922ರಲ್ಲಿ ಪ್ರಕಟವಾದ ಈ ಶೋಧದ ಕಿಣ್ವಕ್ಕೆ ಲೈಸೋಜೈಮ್ ಎಂದು ಹೆಸರಾಯಿತು. ಅದರ ಪ್ರಭಾವ ಹೆಚ್ಚಾಗಿ ನಿರಪಾಯಕಾರಿ ಜೀವಾಣುಗಳ ಮೇಲೆಯೇ ಕಂಡುಬಂದುದರಿಂದ ಔಷಧವಾಗಿ ಅದು ಉಪಯೋಗಕ್ಕೆ ಬರಲಿಲ್ಲ. ಆದರೆ ಕಣ್ಣೀರು ಬರಿಯ ಉಪ್ಪುನೀರಲ್ಲ, ಅದು ಕಣ್ಣಿನ ರಕ್ಷಣೆಯ ಒಂದು ಸಾಧನ ಎಂಬುದು ಸಿದ್ಧವಾಯಿತು.

1946ರಲ್ಲಿ ಲಂಡನ್ನಿನ ಯೂಜೀನ್ ವುಲ್ಫ್ ಈ ಬಿಡಿಬಿಡಿಯಾದ ಜ್ಞಾನವನ್ನು ಒಂದುಗೂಡಿಸಿದರು. ಅವರ ಪ್ರಕಾರ ಕಣ್ಣಿನ ಮೇಲಿರುವುದು ಮೂರು ಪದರಗಳ ಒಂದು ತೆಳುಪೊರೆ: ಹೊರಗೆ ಮೈಬೋಮನ ಗ್ರಂಥಿಗಳ ಜಿಡ್ಡು, ನಡುವೆ ಅಶ್ರುಗ್ರಂಥಿಗಳ ನೀರು, ಒಳಗೆ ಲೋಳೆ. ನೀರು ಬೇಗನೆ ಆವಿಯಾಗದಂತೆ ಜಿಡ್ಡು ತಡೆಯುತ್ತದೆ. ಲೋಳೆಯು ನೀರನ್ನು ಕಣ್ಣಿನ ಮೇಲ್ಮೈಗೆ ಅಂಟಿಸಿ ಹರಡುತ್ತದೆ. ನೀರು ಮತ್ತು ಲೋಳೆಗಳ ನಡುವೆ ಸ್ಪಷ್ಟವಾದ ಗಡಿಯಿಲ್ಲವೆಂದು ಈಚಿನ ಸಂಶೋಧಕರು ತಿದ್ದಿದ್ದಾರೆಯಾದರೂ ಈ ಚಿತ್ರದ ಉಪಯುಕ್ತತೆ ಕುಂದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕವಾದ ಕಾರ್ನಿಯಕ್ಕೆ ರಕ್ತನಾಳಗಳಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಪಡೆಯುವುದು ಈ ಅಶ್ರುಪೊರೆಯ ಮೂಲಕ. ಬೆಳಕು ಮೊದಲು ಹಾಯುವ ನುಣುಪಾದ ಮೇಲ್ಮೈಯೂ ಇದೇ. ಪೊರೆ ಹರಿದರೆ ನೋಟವೂ ಮಸುಕಾಗುತ್ತದೆ.

4. ಕೊರತೆಯ ಅಳತೆ

ಕಣ್ಣೀರು ಕೆನ್ನೆಯ ಮೇಲೆ ಹರಿದರೆ ನೋಡಿದವರಿಗೆಲ್ಲ ಕಾಣುತ್ತದೆ. ಅದು ಬತ್ತಿದರೆ ಹಾಗಲ್ಲ: ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತದೆ, ಉರಿಯುತ್ತದೆ ಎಂಬ ರೋಗಿಯ ಮಾತನ್ನಲ್ಲದೆ ವೈದ್ಯನಿಗೆ ಬೇರೆ ಆಧಾರ ಬಹುಮಟ್ಟಿಗೆ ಇರಲಿಲ್ಲ. ಒಣಗಿದ ಕಣ್ಣು ಕೆರಳಿ ಕೆಲವೊಮ್ಮೆ ಹೆಚ್ಚು ನೀರನ್ನೇ ಸುರಿಸುವುದೂ ಉಂಟಾದುದರಿಂದ ನಿದಾನವು ಇನ್ನಷ್ಟು ತೊಡಕಾಯಿತು. ಮೂರನೆಯ ಪ್ರಶ್ನೆಯ ವಿಳಂಬಕ್ಕೆ ಮುಖ್ಯ ಕಾರಣ ಇದೇ ಎಂದು ನಮಗೆ ತೋರುತ್ತದೆ. ಅಳತೆಯಿಲ್ಲದ ಬಾಧೆಗೆ ಶಾಸ್ತ್ರದಲ್ಲಿ ಸ್ಥಾನ ದೊರೆಯುವುದು ಕಷ್ಟ.

ಆ ಅಳತೆಯನ್ನು 1903ರಲ್ಲಿ ಜರ್ಮನಿಯ ಆಟೊ ಷಿರ್ಮರ್ ಒದಗಿಸಿದರು. ಅವರ ವಿಧಾನ ಅತ್ಯಂತ ಸರಳ. ಸೋಸುಕಾಗದದ ಸಣ್ಣ ಪಟ್ಟಿಯೊಂದರ ತುದಿಯನ್ನು ಮಡಿಸಿ ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷಗಳಲ್ಲಿ ಅದು ಎಷ್ಟು ದೂರ ಒದ್ದೆಯಾಗುವುದೆಂದು ನೋಡುವುದು. ಇಂದು 5 ಮಿಲಿಮೀಟರಿಗಿಂತ ಕಡಮೆಯಾದರೆ ನೀರಿನ ಉತ್ಪತ್ತಿ ಸಾಲದೆಂದು ಎಣಿಸುವುದು ವಾಡಿಕೆ. ನೂರಿಪ್ಪತ್ತು ವರ್ಷಗಳಾದರೂ ಈ ಪರೀಕ್ಷೆ ಬಳಕೆಯಲ್ಲಿದೆ.

ಈ ಅಳತೆಯನ್ನು ಹಿಡಿದು ರೋಗಿಗಳ ಮಾತಿಗೆ ಕಿವಿಗೊಟ್ಟವರು ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ (1899-1986). ಕಣ್ಣೂ ಬಾಯೂ ಒಣಗಿ ಕೀಲುನೋವಿನಿಂದಲೂ ನರಳುತ್ತಿದ್ದ ಮಹಿಳೆಯೊಬ್ಬಳನ್ನು ಪರೀಕ್ಷಿಸಿದಂದಿನಿಂದ ಅಂತಹವರನ್ನು ಅವರು ಹುಡುಕತೊಡಗಿದರು. 1933ರಲ್ಲಿ ಸ್ಟಾಕ್‌ಹೋಮಿನಲ್ಲಿ ಒಪ್ಪಿಸಿದ ತಮ್ಮ ಮಹಾಪ್ರಬಂಧದಲ್ಲಿ 19 ರೋಗಿಗಳನ್ನು ವರ್ಣಿಸಿದರು. ಎಲ್ಲರೂ ಮಹಿಳೆಯರು, 13 ಮಂದಿಗೆ ಕೀಲುಗಳ ದೀರ್ಘವ್ಯಾಧಿ. ಒಣಗಿದ ಕಣ್ಣು ಕಣ್ಣೊಂದರ ದೋಷವಲ್ಲ, ಇಡೀ ದೇಹದ ವ್ಯಾಧಿಯ ಒಂದು ಮುಖ ಎಂಬುದು ಅವರ ವಾದ. ಪರೀಕ್ಷಕರು ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ಪ್ರಬಂಧಕ್ಕೆ ಉನ್ನತ ಶ್ರೇಣಿ ದೊರೆಯದೆ, ವಿಶ್ವವಿದ್ಯಾನಿಲಯದಲ್ಲಿ ಡೊಸೆಂಟ್ ಎಂಬ ಅಧ್ಯಾಪಕ ಪದವಿ ಅವರಿಗೆ ತಪ್ಪಿಹೋಯಿತು. ಅವರು ಪ್ರಾಂತದ ಊರೊಂದರ ಆಸ್ಪತ್ರೆಯಲ್ಲಿ ದುಡಿದರು. 1943ರಲ್ಲಿ ಆಸ್ಟ್ರೇಲಿಯದ ವೈದ್ಯ ಬ್ರೂಸ್ ಹ್ಯಾಮಿಲ್ಟನ್ ಆ ಪ್ರಬಂಧವನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅದು ಜಗತ್ತಿನ ಗಮನಕ್ಕೆ ಬಂದಿತು. ದೇಹದ ರಕ್ಷಣಶಕ್ತಿಯೇ ತನ್ನ ಗ್ರಂಥಿಗಳ ಮೇಲೆ ತಿರುಗಿಬೀಳುವ ಈ ವ್ಯಾಧಿ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸ್ತ್ರೀಯರ ದೂರನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದು ಎಷ್ಟು ಸುಲಭವೆಂಬುದನ್ನು ಬಲ್ಲವರು ಆ ಹತ್ತೊಂಬತ್ತು ಮಂದಿಯ ಸಾಕ್ಷ್ಯದ ಬೆಲೆಯನ್ನು ಅರಿಯಬಲ್ಲರು.

5. ಬಡತನ ಮತ್ತು ಕಣ್ಣಿನ ಶುಷ್ಕತೆ

ಕಣ್ಣಿನ ಶುಷ್ಕತೆಯ ಇನ್ನೊಂದು ಬಗೆಗೆ ಆಹಾರದ ಕೊರತೆಯೇ ಕಾರಣ. 1904ರಲ್ಲಿ ಜಪಾನಿನ ಮೋರಿ, ಕಣ್ಣು ಒಣಗಿ ಕೆಡುತ್ತಿದ್ದ ಮಕ್ಕಳು ಮೀನೆಣ್ಣೆಯಿಂದ ಗುಣವಾಗುವುದನ್ನು ವರದಿಮಾಡಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನ ಬೆಣ್ಣೆ ಹೊರದೇಶಗಳಿಗೆ ಹೋಗುತ್ತಿರಲು, ಆ ನಾಡಿನ ಬಡಮಕ್ಕಳು ಕೆನೆತೆಗೆದ ಹಾಲಿನಿಂದಲೂ ಕೃತಕ ಬೆಣ್ಣೆಯಿಂದಲೂ ಬೆಳೆಯುತ್ತಿದ್ದರು. ಅವರಲ್ಲಿ ಈ ನೇತ್ರರೋಗ ಹೆಚ್ಚಿದುದನ್ನು ಕಾರ್ಲ್ ಬ್ಲಾಕ್ ಎಂಬ ವೈದ್ಯನು ಗಮನಿಸಿದನು. 1917ರ ಕೊನೆಯಲ್ಲಿ ರಫ್ತು ಕುಸಿದು ಬೆಣ್ಣೆ ಪಡಿತರವಾಗಿ ಮನೆಮನೆಗೂ ದೊರೆತಾಗ ರೋಗ ಇಳಿಯಿತು. ಎ ಜೀವಸತ್ತ್ವವಿಲ್ಲದಿದ್ದರೆ ಕಣ್ಣಿನ ಲೋಳೆ ಸ್ರವಿಸುವ ಕೋಶಗಳು ನಾಶವಾಗಿ ಕಾರ್ನಿಯ ಕರಗಿಹೋಗಬಹುದೆಂದು ಮುಂದೆ ತಿಳಿಯಿತು. ವ್ಯಾಪಾರದ ಲೆಕ್ಕಪತ್ರಕ್ಕೂ ಮಗುವಿನ ಕಣ್ಣಿಗೂ ಇರುವ ಸಂಬಂಧಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪೂರ್ವ.

ಭಾರತದಲ್ಲಿ ಈ ಜೀವಸತ್ತ್ವದ ಕೊರತೆ ಬಹುಕಾಲ ಮಕ್ಕಳ ಕುರುಡಿಗೆ ಪ್ರಮುಖ ಕಾರಣವಾಗಿತ್ತು. 1970ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಂತೆ ಚಿಕ್ಕಮಕ್ಕಳಿಗೆ ನಿಯತಕಾಲದಲ್ಲಿ ಎ ಜೀವಸತ್ತ್ವದ ದ್ರವವನ್ನು ಕುಡಿಸತೊಡಗಿದರು. ನುಗ್ಗೆಸೊಪ್ಪು, ಹರಿವೆ, ಪರಂಗಿಹಣ್ಣು, ಹಾಲು, ಮೊಟ್ಟೆ ಇವುಗಳಿಂದಲೂ ಅದು ದೊರೆಯುತ್ತದೆ.

6. ಇಂದಿನ ಸ್ಥಿತಿ

2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ಶುಷ್ಕನೇತ್ರವನ್ನು ಅಶ್ರುಪೊರೆಯ ಸಮತೋಲ ಕೆಟ್ಟ ಸ್ಥಿತಿಯೆಂದು ನಿರೂಪಿಸಿತು. ನೀರು ಕಡಮೆಯಾಗುವುದು ಒಂದು ಬಗೆ. ಮೈಬೋಮನ ಗ್ರಂಥಿಗಳು ಕೆಟ್ಟು ನೀರು ಬೇಗ ಆವಿಯಾಗುವುದು ಇನ್ನೊಂದು, ಅದೇ ಹೆಚ್ಚು ಸಾಮಾನ್ಯ. ವಯಸ್ಸು, ಋತುಬಂಧ, ಸ್ಪರ್ಶಮಸೂರಗಳು, ನೆಗಡಿ ಅಲರ್ಜಿಗಳ ಕೆಲವು ಔಷಧಗಳು, ತಂಪುಯಂತ್ರದ ಒಣಗಾಳಿ ಇವು ಕಾರಣಗಳಲ್ಲಿ ಕೆಲವು. ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನಿಸತಕ್ಕ ಕಾರಣ ಇನ್ನೊಂದಿದೆ. ಜಪಾನಿನ ತ್ಸುಬೊಟ ಮತ್ತು ನಕಮೊರಿ 1993ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸುಮ್ಮನಿರುವಾಗ ನಿಮಿಷಕ್ಕೆ ಸರಾಸರಿ 22 ಸಲ ರೆಪ್ಪೆ ಬಡಿಯುವವರು ಪುಸ್ತಕ ಓದುವಾಗ 10 ಸಲ, ಕಂಪ್ಯೂಟರಿನ ಪರದೆಯನ್ನು ನೋಡುವಾಗ 7 ಸಲ ಮಾತ್ರ ಬಡಿಯುತ್ತಾರೆ. ಪ್ರತಿ ಬಡಿತವೂ ಪೊರೆಯನ್ನು ಹೊಸದಾಗಿ ಹರಡುವುದಾದುದರಿಂದ, ಓದುವವನು ಆಗಾಗ ಕಣ್ಣೆತ್ತಿ ದೂರ ನೋಡುವುದೂ ಪೂರ್ಣವಾಗಿ ರೆಪ್ಪೆ ಮುಚ್ಚಿ ತೆರೆಯುವುದೂ ಲೇಸು.

ಚಿಕಿತ್ಸೆಯ ಕ್ರಮ ಕಾರಣವನ್ನು ಅನುಸರಿಸುತ್ತದೆ. ಜಿಡ್ಡು ಕಟ್ಟಿದ ರೆಪ್ಪೆಗಳಿಗೆ ಬೆಚ್ಚನೆಯ ಬಟ್ಟೆಯ ಶಾಖ. ನೀರು ಸಾಲದಿದ್ದರೆ 1940ರ ದಶಕದಿಂದ ಬಳಕೆಗೆ ಬಂದ ಮೀಥೈಲ್ ಸೆಲ್ಯುಲೋಸ್ ಮುಂತಾದುವುಗಳ ಕೃತಕಾಶ್ರು. ಇರುವ ನೀರು ಹರಿದುಹೋಗದಂತೆ ಅಶ್ರುರಂಧ್ರಗಳಿಗೆ 1975ರಲ್ಲಿ ಫ್ರೀಮನ್ ರೂಪಿಸಿದ ಪುಟ್ಟ ಬಿರಡೆ. ಉರಿಯೂತವಿದ್ದರೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ಪಡೆದ ಸೈಕ್ಲೊಸ್ಪೊರಿನ್ ಹನಿ. ಇವುಗಳನ್ನು ವೈದ್ಯರ ಸಲಹೆಯಂತೆಯೇ ಬಳಸಬೇಕು. ಎದೆಹಾಲು, ಹರಳೆಣ್ಣೆ ಮೊದಲಾದುವನ್ನು ಕಣ್ಣಿಗೆ ಬಿಡುವ ಮನೆಯ ವಾಡಿಕೆಯು ಅಪಾಯಕ್ಕೆ ಎಡೆಗೊಡಬಲ್ಲದು. ಶುದ್ಧಿಯ ವಿಷಯದಲ್ಲಿ ಕಾರ್ಖಾನೆಯ ಹನಿಯನ್ನು ಸಹ ಕುರುಡಾಗಿ ನಂಬುವಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಕಲುಷಿತವಾದ ಕೃತಕಾಶ್ರುವಿನ ಸಂಬಂಧದಲ್ಲಿ 81 ಮಂದಿ ಸೋಂಕಿತರಾದರು. 14 ಮಂದಿ ದೃಷ್ಟಿಯನ್ನು ಕಳೆದುಕೊಂಡರು, ನಾಲ್ವರು ಮರಣಹೊಂದಿದರು. ಫ್ಲೆಮಿಂಗರು ಕಂಡ ರಕ್ಷಣಶಕ್ತಿ ನಿಜವಾದ ಕಣ್ಣೀರಿನದೇ ಹೊರತು ಅದರ ಬದಲಿಗೆ ಬಳಸುವ ದ್ರವದ್ದಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಅಂಗವೊಂದರ ರಚನೆಯನ್ನು ಕಂಡುಹಿಡಿದ ಮಾತ್ರಕ್ಕೆ ಅದರ ರೋಗದ ಜ್ಞಾನ ತಾನಾಗಿ ಹಿಂಬಾಲಿಸುವುದಿಲ್ಲ. ಸ್ಟೆನ್ಸೆನನ ಗ್ರಂಥಕ್ಕೂ ಷೋಗ್ರೆನರ ಪ್ರಬಂಧಕ್ಕೂ ನಡುವೆ 271 ವರ್ಷಗಳ ಅಂತರವಿದೆ. ಎರಡನೆಯದಾಗಿ, ಆ ಅಂತರವನ್ನು ದಾಟಿಸಿದುದು ಒಂದು ತುಂಡು ಕಾಗದ ಮತ್ತು ರೋಗಿಗಳ ಮಾತನ್ನು ನಂಬಿದ ಒಬ್ಬ ವೈದ್ಯನ ತಾಳ್ಮೆ. ಹೊರಗೆ ಕಾಣದ ಬಾಧೆಗಳು ಚರಿತ್ರೆಯಲ್ಲಿ ಇನ್ನೂ ಎಷ್ಟೋ ಇರಬಹುದು. ಅವುಗಳ ಸಾಕ್ಷ್ಯವನ್ನು ಹುಡುಕುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ತೊಡಗಿದರೆ ಈ ಪ್ರಬಂಧದ ಉದ್ದೇಶ ಸಾರ್ಥಕವಾದೀತು.